ತಿಂಗಳು ತಿಂಗಳು ದುಡ್ಡು ಕಟ್ಟಿದ್ರೂ ಒತ್ತಕ್ಷರ ಸರಿ ಬರಲ್ಲ, ಕೊನೆಗೂ ಆ ಸಾಫ್ಟ್‌ವೇರ್ ಬಿಟ್ಟೆ

ಶಿರಸಿಲಿ ನಂದೊಂದು ಡಿಟಿಪಿ ಅಂಗಡಿ. ಮದುವೆ ಉಪನಯನದ ಕರೆಯೋಲೆ, ಸೊಸೈಟಿಗಳ ವಾರ್ಷಿಕ ವರದಿ, ಮಾರಿಕಾಂಬಾ ಜಾತ್ರೆ ವರ್ಷ ಬಂತು ಅಂದ್ರೆ ಫ್ಲೆಕ್ಸು, ಮಳೆಗಾಲದಲ್ಲಿ ತಾಳಮದ್ದಲೆ ಹ್ಯಾಂಡ್‌ಬಿಲ್ಲು. ಇದಕ್ಕೆಲ್ಲ ಅಂತ ಹೆಸರುವಾಸಿ ಡಿಸೈನ್ ಸಾಫ್ಟ್‌ವೇರ್ ಒಂದರ ಸಬ್‌ಸ್ಕ್ರಿಪ್ಷನ್ ತಗೊಂಡು ವರ್ಷಗಟ್ಟಲೆ ದುಡ್ಡು ಕಟ್ಟಿದೀನಿ, ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಹೆಸರು ಹಾಕೋದಿಲ್ಲ, ಈ ಕೆಲಸದಲ್ಲಿ ಇರೋರು ಅಂಥದ್ದು ಒಂದಲ್ಲ ಒಂದು ಬಳಸೇ ಇರ್ತೀರಿ. ನನ್ನ ಕಡೆಯಿಂದ ಅದಕ್ಕೆ ಒಂದೇ ಸ್ಟಾರ್.

ದೊಡ್ಡ ತಕರಾರು ಕನ್ನಡದ್ದೇ. ಯೂನಿಕೋಡ್‌ನಲ್ಲಿ "ಯಕ್ಷಗಾನ" ಅಂತ ಟೈಪ್ ಮಾಡಿದ್ರೆ "ಯಕ್‌ಷಗಾನ" ಅಂತ ಒಡ್ಕೊಂಡು ಬರತ್ತೆ, "ಆಮಂತ್ರಣ" ಹೋಗಿ "ಆಮಂತ್‌ರಣ" ಆಗತ್ತೆ, "ಕಾರ್ಯಕ್ರಮ"ದ ಅರ್ಕಾವತ್ತು ಎಲ್ಲಿಗೋ ಹೋಗಿ ಕೂರತ್ತೆ. ಒಂದು ಕರೆಯೋಲೆಲಿ ಇಂಥ ಶಬ್ದ ಎಷ್ಟಿರ್ತವೆ ಹೇಳಿ, ಬ್ರಹ್ಮಶ್ರೀ, ಸುಮುಹೂರ್ತ, ಸೌಭಾಗ್ಯವತಿ, ಎಲ್ಲ ಒತ್ತಕ್ಷರವೇ, ಪ್ರತಿಯೊಂದನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಕೈಯಿಂದ ಸರಿಸಿ ಸರಿಸಿ ಕೂರಿಸ್ಬೇಕು. ಸಪೋರ್ಟ್‌ಗೆ ಬರೆದ್ರೆ "ನಿಮ್ಮ ಸಲಹೆಯನ್ನು ತಂಡಕ್ಕೆ ತಲುಪಿಸಿದ್ದೇವೆ" ಅನ್ನೋ ಅದೇ ಉತ್ತರ. ಆಮೇಲೆ ಬರೋ ಅಪ್‌ಡೇಟಲ್ಲಿ ಎಐ ಬಟನ್ ಒಂದು ಜಾಸ್ತಿ ಆಗಿರತ್ತೆ, ಓಪನ್ ಆಗೋದು ಇನ್ನೂ ನಿಧಾನ ಆಗಿರತ್ತೆ, ಒತ್ತಕ್ಷರ ಮಾತ್ರ ಎಲ್ಲಿತ್ತೋ ಅಲ್ಲೇ.

ಹೊಟ್ಟೆ ಉರಿಯೋದು ಯಾಕೆ ಅಂದ್ರೆ ಇದೇನು ಬಿಡಿಸಕ್ಕಾಗದ ಸಮಸ್ಯೆ ಅಲ್ಲ. ಅಕ್ಷರಕ್ಕೆ ಒತ್ತು ಎಲ್ಲಿ ಕೂರ್ಬೇಕು ಅನ್ನೋ ಲೆಕ್ಕ ಫಾಂಟ್ ಒಳಗೇ ಇರತ್ತೆ, ಅದನ್ನ ಓದಿ ಜೋಡಿಸೋಕೆ ಹಾರ್ಫ್‌ಬಜ್ ಅಂತ ಪುಕ್ಕಟೆ ಲೈಬ್ರರಿ (ಬೇರೆ ಸಾಫ್ಟ್‌ವೇರ್ ಒಳಗೆ ಸೇರಿಸ್ಕೊಳ್ಳೋ ರೆಡಿ ಪ್ರೋಗ್ರಾಂ) ಇದೆ, ಯಾರು ಬೇಕಾದ್ರೂ ತಗೊಂಡು ಬಳಸ್ಬಹುದು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲದರಲ್ಲೂ ಅದೇ ಇರೋದು. ನಮ್ಮ ಮನೆ ಆಯಿ ಮೊಬೈಲಲ್ಲಿ ವಾಟ್ಸಾಪ್ ಮೆಸೇಜು ಸರಿಯಾಗಿ ಓದ್ತಾರೆ, ತಿಂಗಳು ತಿಂಗಳು ದುಡ್ಡು ತಗೊಳ್ಳೋ ಕಂಪನಿಗೆ ಮಾತ್ರ ಅಷ್ಟು ಮಾಡಕ್ಕೆ ಆಗಲ್ಲ ಅಂದ್ರೆ ಮನಸ್ಸಿಲ್ಲ ಅಂತಲೇ ಅರ್ಥ.

ಎರಡನೇದು ಇಂಟರ್ನೆಟ್ಟು. ಲೈಸೆನ್ಸ್ ಚೆಕ್ ಮಾಡಕ್ಕೆ ಅದು ಆಗಾಗ ಸರ್ವರ್ ಹತ್ರ ಹೋಗ್ಬೇಕು. ನಮ್ಮ ಕಡೆ ಮಳೆಗಾಲ ನಿಮಗೆ ಗೊತ್ತೇ ಇದೆ, ಘಟ್ಟದ ಮೇಲೆ ಒಂದು ಮರ ಬಿತ್ತು ಅಂದ್ರೆ ಕರೆಂಟೂ ಇಲ್ಲ, ಫೈಬರ್ರೂ ಇಲ್ಲ. ಹೋದ ಆಷಾಢದಲ್ಲಿ ಸಿದ್ದಾಪುರ ಕಡೆಯ ಹೆಗಡೇರೊಬ್ರು ತಾಳಮದ್ದಲೆ ಹ್ಯಾಂಡ್‌ಬಿಲ್ಲಿಗೆ ಬಂದು ಕೂತಿದ್ರು. ಯುಪಿಎಸ್ ಇತ್ತು, ಫೈಲ್ ನನ್ನ ಕಂಪ್ಯೂಟರಲ್ಲೇ ಇತ್ತು, ಅರ್ಥಧಾರಿಗಳ, ಅಂದ್ರೆ ಅದರಲ್ಲಿ ಮಾತಾಡೋ ಕಲಾವಿದರ, ಹೆಸರು ಎರಡು ಬದಲಾಯಿಸೋದು ಅಷ್ಟೇ ಬಾಕಿ. ಲೈಸೆನ್ಸ್ ಖಾತ್ರಿ ಆಗಿಲ್ಲ ಅಂತ ಪರದೆ ನಡುವೆ ಒಂದು ಚೌಕ ಬಂದು ನಿಂತುಬಿಡ್ತು, ಹಿಂದೆ ನನ್ನದೇ ಡಿಸೈನು ಮಸುಕಾಗಿ ಕಾಣ್ತಾ ಇದೆ, ಮುಟ್ಟೋ ಹಾಗಿಲ್ಲ. "ದುಡ್ ಕೊಟ್ಟು ತಗಂಡಿದ್ದು ಅಲ್ದಾ ತಮಾ, ಮತ್ತೆಂತಕ್ಕೆ ಓಪನ್ ಆಗ್ತಿಲ್ಲೆ?" ಅಂತ ಕೇಳಿದ್ರು. ದುಡ್ಡು ನಿಂತ ದಿನ, ಇಲ್ಲಾ ನೆಟ್ ಹೋದ ದಿನ, ನಾನೇ ಮಾಡಿದ ಕೆಲಸ ನನಗೇ ಸಿಗಲ್ಲ ಅಂತ ಅವರಿಗೆ ಬಿಡಿಸಿ ಹೇಳೋಷ್ಟರಲ್ಲಿ ನನಗೇ ಸಿಟ್ಟು ಬಂತು.

ಈ ಪದ್ಧತಿಗೆ ದೊಡ್ಡ ದಾರಿ ಹಾಕಿದ್ದು ಅಡೋಬಿ, 2013ರ ಮೇ ತಿಂಗಳಲ್ಲಿ, ಇನ್ನು ಮುಂದೆ ಹೊಸ ಕ್ರಿಯೇಟಿವ್ ಸೂಟ್ (ಒಂದೇ ಸಲ ದುಡ್ಡು ಕೊಟ್ಟು ಕೊಳ್ಳೋ ಅವರ ಡಿಸೈನ್ ಸಾಫ್ಟ್‌ವೇರ್ ಕಟ್ಟು) ಬರಲ್ಲ, ಬಾಡಿಗೆ ಮಾತ್ರ ಅಂತ ಹೇಳಿ. (ನಾನು ಮೇಲೆ ಬೈದಿದ್ದು ಅವರದ್ದಲ್ಲ, ಬೇರೆ ಕಂಪನಿದು.) ಅದಕ್ಕೂ ಮುಂಚೆ ಹೊಸ ವರ್ಷನ್ ಚೆನ್ನಾಗಿದ್ರೆ ಜನ ದುಡ್ಡು ಕೊಡ್ತಿದ್ರು, ಇಲ್ದಿದ್ರೆ ಹಳೇದೇ ಸಾಕು ಅಂತ ಇರ್ತಿದ್ರು. ನಮ್ಮ ಕಡೆ ಪ್ರೆಸ್‌ಗಳಲ್ಲಿ 2001ರ ಪೇಜ್‌ಮೇಕರ್ 7 ಅನ್ನೋ ಪುಟ ಜೋಡಿಸೋ ಸಾಫ್ಟ್‌ವೇರನ್ನ ನುಡಿ ಫಾಂಟ್ ಹಾಕ್ಕೊಂಡು ಎಷ್ಟು ಕಾಲ ಓಡಿಸಿದ್ರು ನೋಡಿ. ಈಗ ಗಿರಾಕಿನ ಒಪ್ಪಿಸೋ ಗರಜೇ ಕಂಪನಿಗಿಲ್ಲ, ಕಾರ್ಡಿಂದ ದುಡ್ಡು ತನ್ನಷ್ಟಕ್ಕೆ ಹೋಗ್ತಿರತ್ತೆ. ಸಾಫ್ಟ್‌ವೇರ್ ನಿಂತಲ್ಲೇ ನಿಂತಿರೋದಕ್ಕೆ ನನ್ನ ಪ್ರಕಾರ ಕಾರಣ ಇದೇ.

ಈಗ ಬಳಸ್ತಿರೋದು ಡಿಸೈನ್ ಬರೆಯಕ್ಕೆ ಇಂಕ್‌ಸ್ಕೇಪ್ ಮತ್ತೆ ಪುಟ ಜೋಡಿಸಕ್ಕೆ ಸ್ಕ್ರೈಬಸ್, ಎರಡೂ ಪುಕ್ಕಟೆ, ಎರಡೂ ನೆಟ್ ಇಲ್ದೆ ಓಡ್ತವೆ. ಇಂಕ್‌ಸ್ಕೇಪಲ್ಲಿ "ಬಲೂ ತಮ್ಮ" ಅನ್ನೋ ಕನ್ನಡ ಫಾಂಟ್ ಹಾಕಿ "ಯಕ್ಷಗಾನ ತಾಳಮದ್ದಲೆ" ಅಂತ ಬರೆದೆ, ಕ್ಷ ಕ್ಷ ಆಗೇ ಬಂತು, ದ್ದ ದ್ದ ಆಗೇ ಬಂತು, ಏನೂ ಸರಿಸೋದು ಬೇಕಾಗಿಲ್ಲ. ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ ಕೂಡ ಹಾಗೇ ಚೆನ್ನಾಗಿ ಬರ್ತವೆ, ಅವೂ ಪುಕ್ಕಟೆ.

ಕೊರತೆ ಇಲ್ಲ ಅಂತಲ್ಲ. ಇಂಕ್‌ಸ್ಕೇಪಿಗೆ ಪ್ರಿಂಟಿಂಗಿನ ಸಿಎಂವೈಕೆ (ನೀಲಿ, ಗುಲಾಬಿ, ಹಳದಿ, ಕಪ್ಪು ನಾಲ್ಕು ಶಾಯಿಯ ಬಣ್ಣದ ಲೆಕ್ಕ) ಸರಿಯಾಗಿ ಬರಲ್ಲ. ಅದಕ್ಕೆ ಡಿಸೈನ್ ಅಲ್ಲಿ ಮುಗಿಸಿ, ಅಕ್ಷರಗಳನ್ನ ಪಾತ್ (ಬರೀ ಗೆರೆಯ ಆಕಾರ) ಮಾಡಿ, ಸ್ಕ್ರೈಬಸ್‌ಗೆ ತಂದು ಅಲ್ಲಿಂದ ಪಿಡಿಎಫ್ ತೆಗೀತೀನಿ. ಕಪ್ಪು ಅಕ್ಷರನ ಅಲ್ಲಿ ಬರೀ ಕೆ 100 (ಕಪ್ಪು ಶಾಯಿ ಒಂದೇ, ಪೂರ್ತಿ) ಮಾಡ್ಲೇಬೇಕು, ಇಲ್ದಿದ್ರೆ ನಾಲ್ಕೂ ಬಣ್ಣ ಸೇರಿ ಸಣ್ಣ ಅಕ್ಷರ ಮಬ್ಬಾಗಿ ಪ್ರಿಂಟ್ ಆಗತ್ತೆ. ದೊಡ್ಡ ಫ್ಲೆಕ್ಸಿಗೆ ಭಾರೀ ಫೋಟೋ ಹಾಕಿದ್ರೆ ಇಂಕ್‌ಸ್ಕೇಪ್ ತಡವರಿಸತ್ತೆ, ಫೋಟೋ ಕೆಲಸ ಮೊದಲೇ ಗಿಂಪ್ ಅನ್ನೋ ಪುಕ್ಕಟೆ ಫೋಟೋ ಸಾಫ್ಟ್‌ವೇರಲ್ಲಿ ಮುಗಿಸ್ಕೊಳ್ಳಿ. 2025ರ ಮಾರ್ಚಲ್ಲಿ ಬಂದ ಗಿಂಪ್ 3.0ರಲ್ಲಿ ಫಿಲ್ಟರ್ ಹಾಕಿದ ಮೇಲೂ ಬೇಕಾದಾಗ ಬದಲಾಯಿಸ್ಬಹುದು, ಇದು ಬಹಳ ಉಪಯೋಗ. ಅಫಿನಿಟಿ ಅನ್ನೋ ಡಿಸೈನ್ ಸಾಫ್ಟ್‌ವೇರೂ ಪುಕ್ಕಟೆ ಆಯ್ತಲ್ಲ ಅಂತ ಕೇಳೋರಿಗೆ: ಹೌದು, ಕ್ಯಾನ್ವಾ ಕಂಪನಿ 2024ರಲ್ಲಿ ಅದನ್ನ ಕೊಂಡ್ಕೊಂಡು 2025ರ ಅಕ್ಟೋಬರಲ್ಲಿ ಪುಕ್ಕಟೆ ಮಾಡ್ತು, ಆದ್ರೆ ಕ್ಯಾನ್ವಾ ಅಕೌಂಟ್ ಬೇಕು. ಮತ್ತೆ ಒಂದು ಕಂಪನಿ ಅಕೌಂಟಿಗೆ ಅಂಗಡಿ ಕೆಲಸ ಕಟ್ಟಿಹಾಕೋ ಧೈರ್ಯ ನನಗಿಲ್ಲ. ಇಂಕ್‌ಸ್ಕೇಪಿಗೆ ನಾಲ್ಕು ಸ್ಟಾರ್, ಸ್ಕ್ರೈಬಸ್‌ಗೆ ಮೂರೂವರೆ, ಅದರ ಮೆನುಗಳಿಗೆ ಹೊಂದ್ಕೊಳ್ಳಕ್ಕೆ ತಾಳ್ಮೆ ಬೇಕು.

ನೀವೂ ಬಿಡೋರಾದ್ರೆ ಮೊದಲು ಹಳೇ ಫೈಲೆಲ್ಲ ಪಿಡಿಎಫ್ ಮತ್ತೆ ಎಸ್‌ವಿಜಿ (ಇಂಕ್‌ಸ್ಕೇಪಲ್ಲಿ ತೆರೆದು ಬದಲಾಯಿಸ್ಬಹುದಾದ ಫೈಲು) ಮಾಡಿ ಇಟ್ಕೊಳ್ಳಿ, ಪ್ಲಾನ್ ಮುಗಿದ ಮೇಲೆ ತೆಗೆಯಕ್ಕಾಗಲ್ಲ. ತಿಂಗಳ ಕಂತಿನ ವಾರ್ಷಿಕ ಪ್ಲಾನ್ ಆದ್ರೆ ನಡುವೆ ಬಿಟ್ಟದ್ದಕ್ಕೆ ದಂಡ ಹಾಕ್ತಾರಾ ಅಂತ ಷರತ್ತು ಓದಿ, ವರ್ಷ ಮುಗಿಯೋ ತಾರೀಕು ಬರೆದಿಟ್ಕೊಂಡು ಅದರ ಮುಂಚೆ ಕ್ಯಾನ್ಸಲ್ ಮಾಡಿ. ಆರ್‌ಬಿಐ ನಿಯಮದ ಪ್ರಕಾರ ಕಾರ್ಡಿಂದ ಆಟೋ ಡೆಬಿಟ್ ಆಗೋ 24 ಗಂಟೆ ಮುಂಚೆ ಬ್ಯಾಂಕಿಂದ ಮೆಸೇಜ್ ಬರ್ಬೇಕು, ಅದನ್ನ ಓದದೇ ಅಳಿಸ್ಬೇಡಿ, ಬ್ಯಾಂಕ್ ಕಡೆಯಿಂದ ಮ್ಯಾಂಡೇಟ್ (ದುಡ್ಡು ತಗೊಳ್ಳಕ್ಕೆ ನೀವು ಕೊಟ್ಟ ಒಪ್ಪಿಗೆ) ನಿಲ್ಲಿಸೋ ದಾರಿ ಅದರಲ್ಲೇ ಇರತ್ತೆ.