ಎರಡು ವರ್ಷ 10 ವಾಟ್ ಡಯೋಡ್ ಲೇಸರ್ ಕಟರ್ ಬಳಸಿದ ಮ್ಯಾಲ: ಮಶೀನ್ ಚಲೋ, ಅಳತಿ ಮಾತ್ರ ನಾವ ಕೂಡಿಸ್ಬೇಕು

5ಕ್ಕ 4 ಕೊಡ್ತೀನಿ. ಕಡಿಮಿ ಆದ ಆ 1 ಪೂರ್ತಿ ಅದರ ಜೋಡಿ ಬಂದ ಪುಸ್ತಕಕ್ಕ, ಯಾಕಂದ್ರ ಅದ್ರಾಗ ಕ್ಯಾಲಿಬ್ರೇಶನ್, ಅಂದ್ರ ಅಳತಿ ಕೂಡಿಸೋದರ ಬಗ್ಗೆ ಒಂದ್ ಸಾಲೂ ಇಲ್ರಿ.

ನಾ ತಗೊಂಡಿದ್ದು ಗಣಪತಿಗೆ ಮಖರ, ಅಂದ್ರ ಮೂರ್ತಿ ಕೂಡ್ಸೋ ಮಂಟಪ ಮಾಡಾಕ. ಪುಣೆ ಭವಾನಿ ಪೇಟೆ ಟಿಂಬರ್ ಮಾರ್ಕೆಟ್‌ದಿಂದ 3 ಮಿಮೀ ಎಂಡಿಎಫ್ (ಕಟಿಗಿ ಪುಡಿ ಒತ್ತಿ ಮಾಡಿದ ಹಲಗಿ) ತಂದು ಕತ್ತರಿಸಿದ್ರ ಕಂಬ ಎಲ್ಲಾ ಸ್ಲಾಟ್‌ನ್ಯಾಗ ಗಡಗಡ ಅಲುಗ್ಯಾಡ್ತಿದ್ವು, ಕಡೀಕ ಫೆವಿಕಾಲ್ ಸುರಿದು ನಿಲ್ಲಿಸಿದ್ವಿ. 20 ಮಿಮೀ ಚೌಕ ಕತ್ತರಿಸಿ ವರ್ನಿಯರ್ ಹಿಡಿದ್ರ 19.8. ಓಹೋ ಸ್ಟೆಪ್ಸ್ (ಒಂದ್ ಮಿಮೀ ಸರಿಯಾಕ ಮೋಟರ್ ಇಡೋ ಹೆಜ್ಜಿ) ತಪ್ಪೈತಿ ಅಂತ ಮಶೀನ್ ಒಳಗಿನ ಜಿಆರ್‌ಬಿಎಲ್ ಪ್ರೋಗ್ರಾಮ್ ಸೆಟ್ಟಿಂಗ್‌ನ್ಯಾಗ ಎಕ್ಸ್, ವಾಯ್ ದಿಕ್ಕಿನ ಸ್ಟೆಪ್ಸ್ ಆದ $100, $101 ಎರಡನ್ನೂ 80ರಿಂದ 80.81 ಮಾಡ್ದೆ, ಸಣ್ಣ ಚೌಕ ಬರೋಬ್ಬರಿ ಆತು, ನಾ ಖುಷಿ. ಮರುದಿನ 300 ಮಿಮೀ ಫಳಿ ಕತ್ತರಿಸಿದ್ರ 302 ದಾಟಿತ್ತು!

ಇಲ್ಲೇ ನಾ ಆರು ತಿಂಗಳು ಎಡವಿದ್ದು. ತಪ್ಪು ಎರಡು ಥರ ಇರ್ತಾವು. ಸ್ಟೆಪ್ಸ್ ತಪ್ಪಿದ್ರ ತುಂಡು ದೊಡ್ಡದಾದಂಗ ತಪ್ಪೂ ದೊಡ್ಡದಾಗ್ತೈತಿ. ಲೇಸರ್ ಸುಟ್ಟು ತಿನ್ನೋ ಅಗಲ, ಅಂದ್ರ ಕರ್ಫ್, 20 ಮಿಮೀಗೂ ಅಷ್ಟ, 300ಕ್ಕೂ ಅಷ್ಟ. ನಾ ಕರ್ಫ್ ರೋಗಕ್ಕ ಸ್ಟೆಪ್ಸ್ ಔಷಧ ಕೊಟ್ಟಿದ್ದೆ.

ಹಂಗಾಗಿ ಮತ್ತ 80ಕ್ಕ ತಂದು, ಕತ್ತರಿಸದ ಬರೇ ಎರಡು ಗೆರಿ ಸುಟ್ಟೆ, 300 ಮಿಮೀ ಅಂತರಕ್ಕ. ಗೆರಿ ನಡುವಿನಿಂದ ಗೆರಿ ನಡುವಿಗೆ ಅಳೆದ್ರ ಕರ್ಫ್ ಲೆಕ್ಕಕ್ಕ ಬರಂಗಿಲ್ಲ ನೋಡ್ರಿ. ಸ್ಟೀಲ್ ಸ್ಕೇಲ್‌ನ್ಯಾಗ 299.5 ಬಂತು. 80 × 300 ÷ 299.5, ಅಂದ್ರ 80.13. ಎಕ್ಸ್‌ಗೊಮ್ಮೆ ವಾಯ್‌ಗೊಮ್ಮೆ ಬ್ಯಾರೆ ಬ್ಯಾರೆ ಮಾಡ್ರಿ, ಅದಕ್ಕೂ ಮೊದಲ ಬೆಲ್ಟ್ ಬಿಗಿ ಮಾಡ್ರಿ, ನಾ ಉಲ್ಟಾ ಮಾಡಿ ಎರಡೆರಡ್ ಸಲ ಕುಂತೆ.

ಆಮ್ಯಾಲ ಕರ್ಫ್. 10 ಮಿಮೀ ಪಟ್ಟಿ ಹತ್ತು ಕತ್ತರಿಸಿ ಒತ್ತಿ ಜೋಡಿಸಿ ಅಳೆದ್ರ 100ರ ಬದ್ಲಿ 98.1, ಅಂದ್ರ ಒಂದಕ್ಕ 0.19. ಮಶೀನ್ ನಡಸೋ ಲೈಟ್‌ಬರ್ನ್ ಸಾಫ್ಟ್‌ವೇರ್‌ನ್ಯಾಗ ಕರ್ಫ್ ಆಫ್‌ಸೆಟ್‌ಗೆ (ಕತ್ತರಿಸೋ ಗೆರಿ ಎಷ್ಟು ಸರಿಸ್ಬೇಕು ಅನ್ನೋ ಅಂಕಿ) ಇದರ ಅರ್ಧ ಹಾಕ್ಬೇಕು, ಪೂರ್ತಿ ಹಾಕಿದ್ರ ಕಂಬ ಸ್ಲಾಟ್‌ನ್ಯಾಗ ಹೋಗಾಂಗೇ ಇಲ್ಲ. ಇನ್ನೊಂದು, ಪಟ್ಟಿ ಅಡ್ಡ ತಿರುಗಿಸಿ ಕತ್ತರಿಸಿದ್ರ 0.13 ಬಂತು! ಡಯೋಡ್ ಬಿಂದು ದುಂಡಗಿರಂಗಿಲ್ಲ, ಆಯತ ಇರ್ತೈತಿ, ಅದಕ್ಕ ಹಿಂಗ. ಫೋಕಸ್ ಒಂದೀಟು ಸರದ್ರೂ ಈ ಅಂಕಿ ಎಲ್ಲಾ ಕೆಡ್ತಾವು.

ಮೂಲಿ ನೇರ ಕಾಟಕೋನ ಐತೇನು ನೋಡಾಕ 300 × 400 ಆಯತ ಸುಟ್ಟು ಎರಡೂ ಕರ್ಣ ಅಳೆದ್ರ ಆತು, ಎರಡೂ 500 ಇರ್ಬೇಕು. ನಂದ್ರಾಗ 2 ಮಿಮೀ ಫರಕ್ ಇತ್ತು, ಫ್ರೇಮ್ ಬೋಲ್ಟ್ ಸಡಿಲ ಮಾಡಿ ಹೊಡೆದು ಕೂಡಿಸ್ದೆ.

ಇಷ್ಟೆಲ್ಲಾ ಆದ ಮ್ಯಾಲೂ ಎಂಡಿಎಫ್ ಕೈ ಕೊಡ್ತೈತಿ. 3 ಮಿಮೀ ಅಂತ ಕೊಟ್ಟಿದ್ದು 2.8 ಇರ್ತೈತಿ, ಪುಣೆ ಮಳಿಗಾಲದಾಗ ಉಬ್ಬಿ ಬ್ಯಾರೇನ ಆಗ್ತೈತಿ, ಹಂಗಾಗಿ ಹಾಳಿ ಬದಲಾದಾಗೆಲ್ಲಾ ಮೊದಲು ವರ್ನಿಯರ್ ಹಿಡಿತೀನಿ. ಪಿವಿಸಿ ಮಾತ್ರ ಯಾವತ್ತೂ ಇಡಬ್ಯಾಡ್ರಿ, ಆಸಿಡ್ ಗ್ಯಾಸ್ ಬಿಡ್ತೈತಿ. ಎಂಡಿಎಫ್ ಹೊಗಿಗೇ ಬಾಜೂಮನಿ ಕಾಕು ಎರಡ್ ಸಲ ಬಾಗಿಲು ಬಡದಾರ, ಈಗ ಎಕ್ಸಾಸ್ಟ್ ಪೈಪ್ ಟೆರೇಸ್‌ಗೆ ಹಾಕೀನಿ. ಈ ಸಲದ ಮಖರ ಫೆವಿಕಾಲ್ ಇಲ್ದ ನಿಂತೈತಿ.