ಕಂಪ್ಯೂಟರ್ ಏಳದಿದ್ದರೆ ಫಾರ್ಮ್ಯಾಟ್‌ಗೆ ಒಪ್ಪಬೇಡಿ

ಅಂಕೋಲೆಯ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ, ಹಾಲಕ್ಕಿ ಸಮುದಾಯದ ಅಜ್ಜಿಯಂದಿರ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳನ್ನು ಅಪ್ಪ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದರು. ಹಾಡಿದವರಲ್ಲಿ ಹೆಚ್ಚಿನವರು ಈಗ ಇಲ್ಲ. ಕಳೆದ ಆಷಾಢದಲ್ಲಿ ಆ ಕಡತಗಳಲ್ಲಿ ಬಹುಪಾಲನ್ನು ಕಳೆದುಕೊಂಡೆವು. ಯಂತ್ರ ಕೆಟ್ಟದ್ದರಿಂದ ಅಲ್ಲ, ರಿಪೇರಿಯಿಂದ.

ಎರಡು ವಾರ ಹಿಡಿದು ಸುರಿದ ಮಳೆಯಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ಆಮೇಲೆ ಬಟನ್ ಒತ್ತಿದಾಗ ಫ್ಯಾನ್ ತಿರುಗಿತು, ಬೀಪ್ ಸದ್ದು ಮತ್ತೆ ಮತ್ತೆ ಕೇಳಿಸಿತು, ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಕರಾವಳಿಯ ಉಪ್ಪು ತೇವಕ್ಕೆ, ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮ್ ಪಟ್ಟಿಯ ಅಂಚು ಮಂಕಾಗುವುದು ನನಗೆ ಗೊತ್ತಿದ್ದುದರಿಂದ, ಪ್ಲಗ್ ಕಿತ್ತು, ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮರಳಿ ಕೂರಿಸಿದೆ. ಪರದೆ ಬೆಳಗಿತು. ಆದರೆ ದಿನಾಂಕ, ಸಮಯ ತಪ್ಪಾಗಿವೆಯೆಂಬ ಸೂಚನೆ ಬಂತು. ಎಫ್1 ಒತ್ತಿ ಮುಂದೆ ಹೋದರೆ ವಿಂಡೋಸ್ 7ರ ಚಿಹ್ನೆ ಮೂಡುತ್ತಿದ್ದಂತೆ ನೀಲಿ ಪರದೆ ಮಿಂಚಿ, ಯಂತ್ರ ತಾನಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಪೇಟೆಯ ಅಂಗಡಿಗೆ ಒಯ್ದೆ. "ವಿಂಡೋಸ್ ಹೋಗಿದೆ ಸರ್, ಹೊಸದಾಗಿ ಹಾಕಬೇಕು" ಎಂದರು. ಒಳಗಿನ ಕಡತಗಳ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮರುದಿನ ಯಂತ್ರ ಚೆನ್ನಾಗಿಯೇ ನಡೆಯುತ್ತಿತ್ತು. ಅಪ್ಪ ಹಾಡುಗಳಿದ್ದ ಡಿ ಡ್ರೈವ್ ಹುಡುಕಿದರು. ಡಿ ಡ್ರೈವೇ ಇರಲಿಲ್ಲ. ಅಂಗಡಿಯವರು ಇಡೀ ಡಿಸ್ಕನ್ನು ಅಳಿಸಿ (ಫಾರ್ಮ್ಯಾಟ್ ಮಾಡಿ) ಒಂದೇ ಭಾಗ ಮಾಡಿದ್ದರು.

ಒಂದೆರಡು ದಿನಗಳಲ್ಲಿ ಗಡಿಯಾರ ಮತ್ತೆ ಹಿಂದಕ್ಕೆ ಹೋಯಿತು. ಶಿರಸಿಯಲ್ಲಿರುವ ಚಿಕ್ಕಪ್ಪನ ಮಗ ಬಂದು ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ಲನ್ನು ಮೀಟರಿನಲ್ಲಿ ನೋಡಿದ. 3 ವೋಲ್ಟ್ ಇರಬೇಕಾದಲ್ಲಿ ಅದರ ಅರ್ಧವೂ ಇರಲಿಲ್ಲ. ಆ ಸೆಲ್ ಸತ್ತರೆ ಗಡಿಯಾರದ ಜೊತೆಗೆ, ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶವಾದ ಬಯೋಸ್‌ನಲ್ಲಿ ನಾವು ಬದಲಿಸಿದ್ದ ಆಯ್ಕೆಗಳೂ ಮರೆತುಹೋಗುತ್ತವೆ. ನಮ್ಮ ವಿಂಡೋಸ್ ಅನ್ನು ಹಿಂದೆ, ಡಿಸ್ಕಿನೊಂದಿಗೆ ಮಾತಾಡುವ ಹಳೆಯ ವಿಧಾನವಾದ ಐಡಿಇಯಲ್ಲಿ ಹಾಕಲಾಗಿತ್ತು. ಸೆಲ್ ಸತ್ತಾಗ ಡಿಸ್ಕ್ ಜೋಡಣೆಯ (ಸಾಟಾ) ಆಯ್ಕೆ ಹೊಸ ವಿಧಾನವಾದ ಎಎಚ್‌ಸಿಐಗೆ ಮರಳಿದ್ದರಿಂದ ಡಿಸ್ಕನ್ನು ಓದಲಾಗದೆ ಅದು ನೀಲಿ ಪರದೆ ತೋರಿಸಿತ್ತು. "ಅಣ್ಣ, ಸೆಲ್ ಬದಲಿಸಿ ಆ ಒಂದು ಆಯ್ಕೆ ತಿರುಗಿಸಿದ್ದರೆ ಸಾಕಾಗಿತ್ತು" ಎಂದ. ಅಪ್ಪ ಅಲ್ಲೇ ಕುಳಿತಿದ್ದರು.

ಅಳಿಸಿದ ಕಡತಗಳನ್ನು ಮರಳಿಸುವ ತಂತ್ರಾಂಶದಿಂದ ಕೆಲವು ಸಿಕ್ಕವು, ಹೆಸರಿನ ಬದಲು ಬರೀ ಸಂಖ್ಯೆಗಳೊಂದಿಗೆ. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ನಿಮಗೂ ಹೀಗಾದರೆ ಕಸವೆಂದು ಅಳಿಸಬೇಡಿ: ಹಳೆಯ ನುಡಿ ಬರಹ ಈಗ ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್ ಅಲ್ಲ, ನುಡಿ ಫಾಂಟ್ ಹಾಕಿದ ಮೇಲೆಯೇ ಅದು ಕನ್ನಡವಾಗಿ ಕಾಣುತ್ತದೆ. ಹೊಸ ವಿಂಡೋಸ್ ಬರೆದುಕೊಂಡ ಜಾಗದಲ್ಲಿದ್ದ ಹಾಡುಗಳು ಮಾತ್ರ ಮರಳಿ ಬರಲಿಲ್ಲ.

ಆದ್ದರಿಂದ ಕಂಪ್ಯೂಟರ್ ಏಳದಿದ್ದಾಗ, ಅಂಗಡಿಗೆ ಕೊಡುವ ಮುನ್ನ ಹಾರ್ಡ್ ಡಿಸ್ಕನ್ನು ಯಂತ್ರದಿಂದ ಹೊರತೆಗೆಸಿ, ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಮೂಲಕ ಬೇರೊಂದು ಕಂಪ್ಯೂಟರಿಗೆ ಎಲ್ಲವನ್ನೂ ನಕಲು ಮಾಡಿಕೊಳ್ಳಿ. ದಿನಾಂಕದ ಸೂಚನೆ ಕಂಡರೆ ಮೊದಲು ಸೆಲ್ ನೋಡಿ. ವಿದ್ಯುತ್ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಅನ್ನು ಮಾತ್ರ ನೀವಾಗಿ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಅಂಗಡಿಗೆ ಕೊಡಲೇಬೇಕಾದರೆ, "ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು" ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಈಗ ಅಪ್ಪ ಹಳೆಯ ನೋಟ್‌ಬುಕ್ಕುಗಳಲ್ಲಿ ಗೆದ್ದಲು ಬಿಟ್ಟ ಪುಟಗಳನ್ನು ನೋಡಿ, ಉಳಿದ ಹಾಡುಗಳನ್ನು ಮತ್ತೆ ಬೆರಳಚ್ಚು ಮಾಡುತ್ತಿದ್ದಾರೆ.