ಬ್ರಾಡ್‌ಬ್ಯಾಂಡ್ ಅನುದಾನಕ್ಕೆ ಅರ್ಜಿ ಹಾಕುವವರೇ, ಮೊದಲು ಮನೆಗಳ ಪಟ್ಟಿ ನೋಡಿಕೊಳ್ಳಿ
ಬ್ರಾಡ್‌ಬ್ಯಾಂಡ್ ವಿಸ್ತರಣೆಗೆ ಸರ್ಕಾರಿ ಅನುದಾನ ಕೇಳಿ ಸಣ್ಣ ಸಹಕಾರ ಸಂಘವೊಂದು ಹಾಕಿದ್ದ ಅರ್ಜಿ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ಬರವಣಿಗೆ ಚೆನ್ನಾಗಿತ್ತು, ಊರವರ ಬೆಂಬಲ ಪತ್ರಗಳೂ ಇದ್ದವು. ಕೆಟ್ಟಿದ್ದು ಮನೆಗಳ ಪಟ್ಟಿ.

ಉಪಗ್ರಹ ಚಿತ್ರದಲ್ಲಿ ಕಂಡ ಚಾವಣಿಗಳನ್ನೆಲ್ಲ ಮನೆಯೆಂದೇ ಎಣಿಸಿ 400 ಸಾಲು ತುಂಬಿದ್ದರು. ಅದರಲ್ಲಿ 60 ಕೊಟ್ಟಿಗೆ, ಪಂಪ್‌ಶೆಡ್, ಪಾಳುಬಿದ್ದ ಕಟ್ಟಡಗಳು. ಪರಿಶೀಲಕರು ಅವನ್ನು ಹೊಡೆದುಹಾಕಿದರು, ಕೇಬಲ್ ಎಳೆಯುವ ಖರ್ಚು ಮಾತ್ರ ಅಷ್ಟೇ ಉಳಿಯಿತು. 400ರ ಬದಲು 340ರಿಂದ ಭಾಗಿಸಿದಾಗ ಮನೆಯೊಂದಕ್ಕೆ ತಗಲುವ ವೆಚ್ಚ ಶೇ. 18ರಷ್ಟು ಏರಿತು, ಅಂಕ ಇಳಿಯಿತು. ಇದು ಸಣ್ಣವರಷ್ಟೇ ಮಾಡುವ ತಪ್ಪಲ್ಲ. ಅಮೆರಿಕದಲ್ಲಿ 2020ರ ಗ್ರಾಮೀಣ ಬ್ರಾಡ್‌ಬ್ಯಾಂಡ್ ಅನುದಾನದ ಹರಾಜು ಮುಗಿದ ಮೇಲೆ, ಗೆದ್ದ ಪ್ರದೇಶಗಳಲ್ಲಿ ಪಾರ್ಕಿಂಗ್ ಜಾಗ, ವಿಮಾನ ನಿಲ್ದಾಣಗಳೂ ಸೇರಿವೆ ಎಂಬ ದೂರು ಬಂದು, 2021ರ ಜುಲೈನಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 197 ಬಿಡ್ಡುದಾರರಿಗೆ ಪತ್ರ ಬರೆಯಬೇಕಾಯಿತು.

ಪಟ್ಟಿಯಲ್ಲಿ ಇನ್ನೊಂದು ದೋಷವಿತ್ತು, ಕಣ್ಣಿಗೆ ಬೀಳದಂಥದ್ದು. ಅಕ್ಷಾಂಶ, ರೇಖಾಂಶದ ಕಾಲಂಗಳು ಓದಲು ಚಂದ ಕಾಣಲೆಂದು ಯಾರೋ ದಶಮಾಂಶವನ್ನು ಮೂರು ಅಂಕಿಗೆ ಇಳಿಸಿದ್ದರು. ಎಕ್ಸೆಲ್‌ನಿಂದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲು) ಮಾಡಿದರೆ ಪರದೆಯ ಮೇಲೆ ಕಾಣುವ ಅಂಕಿಯಷ್ಟೇ ಫೈಲಿಗೆ ಹೋಗುತ್ತದೆ, ಉಳಿದದ್ದು ಅಳಿದಂತೆಯೇ. 0.001 ಡಿಗ್ರಿ ಅಕ್ಷಾಂಶವೆಂದರೆ ನೆಲದ ಮೇಲೆ ಸುಮಾರು 110 ಮೀಟರ್. ಹೀಗಾಗಿ ಅಂಚಿನ ಮನೆಗಳು ನಕ್ಷೆಯ ಗಡಿಯಾಚೆ ಜಿಗಿದವು. ಆರು ದಶಮಾಂಶ ಉಳಿಸಿಕೊಳ್ಳಿ. ಸಿಎಸ್‌ವಿ ಆದ ಮೇಲೆ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಮತ್ತೆ ಎಕ್ಸೆಲ್‌ನಲ್ಲಿ ಅಲ್ಲ.

ಈಗಾಗಲೇ ಸೇವೆ ಇದೆ ಎಂದು ಸರ್ಕಾರಿ ನಕ್ಷೆ ಹೇಳುವ ಮನೆಗಳಿಗೆ ಹಣ ಸಿಗುವುದು ಕಷ್ಟ. ಅದನ್ನು ಅಲ್ಲಗಳೆಯಲು ಸ್ಪೀಡ್ ಟೆಸ್ಟ್ ಕೊಡುವುದಾದರೆ ವೈಫೈನಲ್ಲಿ ಮಾಡಿದ್ದು ನಿಲ್ಲುವುದಿಲ್ಲ, ಗೋಡೆಯ ನೆಪ ಹೇಳಿ ತಳ್ಳಿಹಾಕುತ್ತಾರೆ. ಲ್ಯಾಪ್‌ಟಾಪನ್ನು ರೂಟರ್‌ಗೆ ಕೇಬಲ್‌ನಲ್ಲಿ ಜೋಡಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಳೆದು, ದಿನಾಂಕ, ವಿಳಾಸ, ಗ್ರಾಹಕರು ದುಡ್ಡು ಕಟ್ಟುತ್ತಿರುವ ಪ್ಲಾನಿನ ವೇಗ ಮೂರನ್ನೂ ಜೊತೆಗಿಡಿ. 100 ಎಂಬಿಪಿಎಸ್ ಪ್ಲಾನ್ ಸಿಗುವ ಮನೆಯವರು 10ರ ಪ್ಲಾನ್ ತೆಗೆದುಕೊಂಡಿದ್ದರೆ ಆ ಅಳತೆಯಿಂದ ಏನೂ ಸಾಬೀತಾಗುವುದಿಲ್ಲ.

ಪಟ್ಟಿ ಕುಗ್ಗಿದ ಮೇಲೆ ಖರ್ಚು ಇಳಿಸಲು ಸಂಘದವರು 1:32 ಸ್ಪ್ಲಿಟರ್ (ಒಂದು ಫೈಬರಿನ ಬೆಳಕನ್ನು 32 ಕವಲಾಗಿ ಹಂಚುವ ಸಾಧನ) ಬದಲು 1:64 ಬರೆದರು. ಲೆಕ್ಕ ಹಾಕಿ ನೋಡಿ. ಜಿಪಾನ್ ಎಂಬ ಫೈಬರ್ ಜಾಲದ ಕ್ಲಾಸ್ ಬಿ+ ಬಗೆಯಲ್ಲಿ ದಾರಿಯುದ್ದಕ್ಕೂ ಒಟ್ಟು 28 ಡೆಸಿಬೆಲ್ ಬೆಳಕಿನ ನಷ್ಟಕ್ಕೆ ಮಾತ್ರ ಅವಕಾಶ. 1:32 ಸ್ಪ್ಲಿಟರಿಗೆ ಸುಮಾರು 17, ಕಿಲೋಮೀಟರಿಗೆ 0.35ರಂತೆ 15 ಕಿ.ಮೀ. ಫೈಬರಿಗೆ 5.25, ನಾಲ್ಕು ಕನೆಕ್ಟರಿಗೆ 2, ಹತ್ತು ಸ್ಪ್ಲೈಸಿಗೆ (ಫೈಬರ್ ತುದಿಗಳ ಬೆಸುಗೆ) 1: ಕೂಡಿದರೆ 25.25. ಮುಂದೆ ಕೇಬಲ್ ತುಂಡಾಗಿ ಮತ್ತೆ ಜೋಡಿಸಬೇಕಾದಾಗ ಬೇಕಾಗುವ ಮೀಸಲು ಉಳಿದ 2.75ರಲ್ಲೇ ಆಗಬೇಕು. 1:64 ಹಾಕಿದರೆ ಇನ್ನೂ ಸುಮಾರು 3.5 ಹೋಗುತ್ತದೆ, ಕೊನೆಯ ಮನೆಗೆ ಬೆಳಕು ಸಾಲುವುದಿಲ್ಲ. ಎಂಜಿನಿಯರ್ ಸಹಿ ಇದ್ದರೂ ಪರಿಶೀಲಕರು ಇದನ್ನು ಐದು ನಿಮಿಷದಲ್ಲಿ ಹಿಡಿಯುತ್ತಾರೆ, ಹಿಡಿದರು ಕೂಡ.

ಹಣದ ವಿಷಯದಲ್ಲಿ ಬಹಳ ಜನ ಮೋಸ ಹೋಗುವುದು ಒಂದೇ ಕಡೆ. ಅನುದಾನ ಸಾಮಾನ್ಯವಾಗಿ ಮುಂಗಡವಾಗಿ ಬರುವುದಿಲ್ಲ, ಖರ್ಚು ಮಾಡಿ ಬಿಲ್ ಕೊಟ್ಟ ಮೇಲೆ ಬರುತ್ತದೆ. ಕೇಬಲ್ ಮಾರುವವರು ಅಲ್ಲಿಯವರೆಗೆ ಕಾಯುವುದಿಲ್ಲ. ಸ್ವಂತ ಪಾಲಿನ ಹಣ ಬೇರೆ, ಈ ನಡುವಿನ ತಿಂಗಳುಗಳನ್ನು ದಾಟಿಸುವ ಹಣ ಬೇರೆ. ಎರಡನ್ನೂ ತಿಂಗಳುವಾರು ಬರೆದಿಡಿ. ಬ್ಯಾಂಕ್ ಗ್ಯಾರಂಟಿ ಕೇಳಿದ್ದರೆ ಅದಕ್ಕೆ ಬ್ಯಾಂಕು ಎಷ್ಟು ಠೇವಣಿ ಹಿಡಿದಿಡುತ್ತದೆ ಎಂದು ಲಿಖಿತವಾಗಿ ಪಡೆಯಿರಿ. ಮಂಜೂರಾತಿಗೆ ಮುಂಚೆ ಕೊಂಡ ಸಾಮಾನಿಗೆ ಅನೇಕ ಯೋಜನೆಗಳು ದುಡ್ಡು ಕೊಡುವುದಿಲ್ಲ, ಆದ್ದರಿಂದ ಉತ್ಸಾಹದಲ್ಲಿ ಆರ್ಡರ್ ಹಾಕಬೇಡಿ.

ಕೇಬಲ್ ಎಳೆಯುವ ಕಂಬಗಳ ಬಗ್ಗೆ ಅವುಗಳ ಮಾಲೀಕರ ಬಾಯಿಮಾತು ಬೇಡ. ಹಳೆಯ ಕಂಬ ಹೊಸ ಕೇಬಲಿನ ಭಾರ ತಡೆಯದಿದ್ದರೆ, ಅಥವಾ ವಿದ್ಯುತ್ ತಂತಿಯಿಂದ ಇರಬೇಕಾದ ಅಂತರ ಇಲ್ಲದಿದ್ದರೆ, ಅದನ್ನು ಬದಲಿಸುವ ಖರ್ಚು ನಿಮ್ಮ ತಲೆಗೇ ಬರಬಹುದು. ಪ್ರತಿ ಕಂಬದ ಸಂಖ್ಯೆ, ಎತ್ತರ, ಫೋಟೊ ಇರುವ ಸಮೀಕ್ಷೆ, ಜೊತೆಗೆ ಮಾಲೀಕರ ಒಪ್ಪಿಗೆ ಪತ್ರ, ಎರಡೂ ಕೈಗೆ ಬಂದ ಮೇಲೆಯೇ ಅಂದಾಜು ವೆಚ್ಚದ ಕೊನೆಯ ಅಂಕಿ ಬರೆಯಿರಿ.